ಕಾಣೆಯಾದ ಕಂದು ಬಣ್ಣ

ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲು. ಡಾಕ್ಟರ್ ಯುಹೊ ನಿಸ್ಕಾನೆನ್ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದ, ಉಜ್ಜಿಕೊಂಡ, ಮತ್ತೆ ಇಟ್ಟ. ಆಮೇಲೆ ಪಕ್ಕದ ಕೋಣೆಗೆ ಕೇಳುವಂತೆ ಕೂಗಿದ.

“ಹೆಲ್ವಿ! ಕಂದು ಬಣ್ಣ ಎಲ್ಲಿ?”

“ಯಾವುದರದ್ದು?”

“ಸಾವಿರದ ನೂರ ನಲವತ್ತೇಳು. ಶ್ವಾಸಕೋಶದ್ದು. ಒಂದು ಚುಕ್ಕೆ ಕಂದೂ ಇಲ್ಲ. ಬನ್ನಿ ಇಲ್ಲಿ!”

ಹೆಲ್ವಿ ರೌತಿಯೈನೆನ್ ಕೈಗವಸು ಬಿಚ್ಚಿ ಬಂದಳು. ಕೊಯಿವುಸಾಲ್ಮಿ ಆಸ್ಪತ್ರೆಯ ಪ್ಯಾಥಾಲಜಿ ಲ್ಯಾಬಿನಲ್ಲಿ ಅವಳದು ಮೂವತ್ತನಾಲ್ಕು ವರ್ಷದ ಸರ್ವೀಸು. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೇಣದಲ್ಲಿ ಹುದುಗಿಸುವುದು, ಕೂದಲಿಗಿಂತ ತೆಳ್ಳಗೆ ಕೊಯ್ಯುವುದು, ಬಣ್ಣ ಹಾಕಿ ಡಾಕ್ಟರ ಕಣ್ಣ ಕೆಳಗಿಡುವುದು — ಇಷ್ಟೇ ಕೆಲಸ. ಈ ‘ಇಷ್ಟೇ’ಯಲ್ಲಿ ಒಂದು ಎಡವಟ್ಟಾದರೆ ಯಾರದೋ ಎದೆಯನ್ನು ಸುಮ್ಮನೆ ಸೀಳುತ್ತಾರೆ, ಇಲ್ಲವೇ ಸೀಳಬೇಕಾದ ಎದೆಯನ್ನು ಹಾಗೇ ಬಿಡುತ್ತಾರೆ.

ಅವಳು ಬಗ್ಗಿ ನೋಡಿದಳು. ಟಿಟಿಎಫ್-ಒಂದು ಎಂಬ ಆ ಪರೀಕ್ಷೆ ಜೀವಕೋಶವನ್ನು ಹಿಡಿದು ‘ನೀನು ಹುಟ್ಟಿದೂರು ಯಾವುದು’ ಎಂದು ಕೇಳಿದಂತೆ. ಶ್ವಾಸಕೋಶದಲ್ಲಿ ಹುಟ್ಟಿದ್ದಾದರೆ ಕೋಶದ ನಡುವಿನ ಗುಂಡು ಕಂದಾಗುತ್ತದೆ. ಬೇರೆಲ್ಲಿಂದಲೋ ಬಂದದ್ದಾದರೆ ನೀಲಿಯಾಗಿಯೇ ಉಳಿಯುತ್ತದೆ. ಇಲ್ಲಿ ಎಲ್ಲವೂ ನೀಲಿ. ಸಾಲಾಗಿ ನಿಂತ ಎತ್ತರದ ಕೋಶಗಳು, ಒಂದೊಂದರ ಒಳಗೂ ಲೋಳೆ. ನೋಡಿದರೆ ಜಠರದ ಒಳಗೋಡೆಯೇ ಸರಿ.

“ಬಣ್ಣ ಹಿಡಿದಿಲ್ವೇನೋ?” ಯುಹೊ ಕೇಳಿದ.

“ಮೂಲೆ ನೋಡಿದ್ಯಾ?”

ಪ್ರತಿ ಗಾಜಿನ ಮೂಲೆಯಲ್ಲೂ ಹೆಲ್ವಿ ಥೈರಾಯ್ಡ್ ಗ್ರಂಥಿಯ ಒಂದು ಚೂರು ಅಂಟಿಸಿರುತ್ತಾಳೆ. ಈ ಬಣ್ಣಕ್ಕೆ ಅದೂ ಕಂದಾಗಲೇಬೇಕು; ಆಗದಿದ್ದರೆ ತಪ್ಪು ಯಂತ್ರದ್ದು. ಮೂಲೆಯ ಚೂರು ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು.

“ಅಲ್ಲಿಗೆ ಯಂತ್ರ ನಿರಪರಾಧಿ,” ಎಂದ ಯುಹೊ. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದ. “ಹೆಲ್ವಿ, ಬೇಜಾರು ಮಾಡ್ಕೋಬೇಡಿ. ಅವತ್ತು ನಿಮ್ಮ ಮೇಜಿಗೆ ಇದಕ್ಕೆ ಮುಂಚೆ ಬಂದಿದ್ದು ಯಾವುದು?”

“ನಲವತ್ತಾರು. ಇನ್ಯಾರದೋ ಹೊಟ್ಟೆಯದ್ದು.”

“ಹೊಟ್ಟೆಯ ಕ್ಯಾನ್ಸರ್. ಚೀಟಿಯಲ್ಲಿ ನಾಲ್ಕು ಚೂರು ಅಂತಿದೆ. ಮೇಣದ ಅಚ್ಚಿನಲ್ಲಿರೋದು ಮೂರು. ನಾಲ್ಕನೇದು ಎಲ್ಲಿಗೆ ಹೋಯ್ತು?”

ಹೆಲ್ವಿಯ ಕಿವಿ ಬಿಸಿಯಾಯಿತು. “ಅಂದ್ರೆ? ನಾನು ಅದನ್ನ ಎತ್ತಿ ಇದರೊಳಗೆ ಹಾಕಿದೆ ಅಂತಲಾ?”

“ಇಕ್ಕಳದ ತುದೀಲಿ ಅಂಟ್ಕೊಂಡು ಬಂದಿರಬಹುದು ಅಂದೆ.”

“ಇಕ್ಕಳ ಪ್ರತಿ ಸಲ ಒರೆಸ್ತೀನಿ. ಅಲ್ಲದೆ ಹೊಟ್ಟೆಯ ಚೂರು ಕಾಳಿನ ಥರ ಇರುತ್ತೆ, ಎದೆಗೆ ಸೂಜಿ ಚುಚ್ಚಿ ತೆಗೆದದ್ದು ನೂಲಿನೆಳೆ ಥರ. ಇದು ಎಳೆ!”

“ಎಳೆ ಮುರಿದು ಮೂರಾಗಿದೆ. ಒಂದೊಂದೂ ಕಾಳಿನ ಥರಾನೇ ಇದೆ, ನೋಡಿ.”

ನೋಡಿದಳು. ಹಾಗೇ ಇತ್ತು. ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಅದಲುಬದಲು ಆಗಿರಲಿಲ್ಲ. ಜೂನಿಗೆ ನಿವೃತ್ತಿ ಬೇರೆ. ಆದರೆ ಅವಳು ಹೆದರಿದ್ದು ತನ್ನ ಹೆಸರಿಗಾಗಿ ಅಲ್ಲ. ಚೀಟಿಯ ಮೇಲಿದ್ದ ಹೆಸರಿಗಾಗಿ. ಕೆರ್ತು ಮುಸ್ತೊನೆನ್, ಅರವತ್ತೆರಡು ವರ್ಷ, ಬೀಡಿ ಸಿಗರೇಟು ಮುಟ್ಟಿದವಳಲ್ಲ. ಮಾರುಕಟ್ಟೆಯಲ್ಲಿ ಕಲಕುಕ್ಕೊ ಮಾರುವ ಕೆರ್ತು — ರೈ ಹಿಟ್ಟಿನ ದಪ್ಪ ರೊಟ್ಟಿಯೊಳಗೆ ಸಣ್ಣ ಮೀನು ತುಂಬಿ ಇಡೀ ರಾತ್ರಿ ಬೇಯಿಸುವ ಅವಳ ಕೈಗುಣ ಊರಿಗೆಲ್ಲ ಗೊತ್ತು. ಹೆಲ್ವಿ ಅವಳ ಗಿರಾಕಿಯಾಗಿ ಇಪ್ಪತ್ತು ವರ್ಷವಾಗಿತ್ತು.

“ಗುರುವಾರ ಎರಡು ಗಂಟೆಗೆ ಮೀಟಿಂಗು,” ಎಂದ ಯುಹೊ ಗಾಜನ್ನು ತಟ್ಟೆಗಿಟ್ಟು. “ಸ್ಕೀ ರಜೆಯ ವಾರ ಅಂತ ಜನ ಇಲ್ಲದೆ ಈ ಬಣ್ಣ ಒಂದು ವಾರ ತಡವಾಯ್ತು. ಇನ್ನು ತಡ ಮಾಡೋ ಹಾಗಿಲ್ಲ. ಯಾರ ಚೂರು ಅಂತ ಜೀನ್ ಲ್ಯಾಬಿನವರನ್ನ ಕೇಳಿದ್ರೆ ಹತ್ತು ದಿನ. ಅಲ್ಲಿವರೆಗೆ ನಾನು ಬರೆಯೋದು ಇಷ್ಟೇ: ಬಹುಶಃ ಜಠರ ಅಥವಾ ಪ್ಯಾಂಕ್ರಿಯಾಸಿನಿಂದ ಹರಡಿದ್ದು. ಇಲ್ಲಾಂದ್ರೆ, ಚೂರು ಅದಲುಬದಲು.”

“ಮೂರನೇ ದಾರಿ ಇಲ್ವಾ?”

“ನನಗಂತೂ ಕಾಣ್ತಿಲ್ಲ.”

ಪಾಪ, ಅವನು ಕೆಟ್ಟವನಲ್ಲ. ಕಂಡದ್ದನ್ನು ಹೇಳಿದ. ಆದರೂ ಅವತ್ತು ಮಧ್ಯಾಹ್ನ ಹೆಲ್ವಿ ಅವನಿಗೆ ಕಾಫಿ ತಂದುಕೊಡಲಿಲ್ಲ.

ಬುಧವಾರ ಹನ್ನೊಂದಕ್ಕೆ ಊಟದ ಬಿಡುವು. ಹೆಲ್ವಿ ಮಾರುಕಟ್ಟೆ ಕಡೆ ಹೋಗಬಾರದು ಎಂದುಕೊಂಡೇ ಹೊರಟಳು, ಕಾಲು ಅಲ್ಲಿಗೇ ಹೋಯಿತು.

“ಏನೇ, ನಿನ್ನೆ ಬರಲೇ ಇಲ್ಲ!” ಕೆರ್ತು ಗಲ್ಲಾದ ಹಿಂದಿನಿಂದ ಕೂಗಿದಳು. ಸಣ್ಣಗಾಗಿದ್ದಳು. ಏಪ್ರನ್ನಿನ ದಾರ ಎರಡು ಸುತ್ತು ಬಂದಿತ್ತು. “ಡಯಟ್ಟಾ? ನಿನ್ನ ಮೈಗೆ ಅದೊಂದು ಬಾಕಿ ಇತ್ತು ನೋಡು.”

“ಸುಮ್ನಿರು ಮಾರಾಯ್ತಿ. ಒಂದು ಕೊಡು, ಸಣ್ಣದು.”

ಕೆರ್ತು ರೊಟ್ಟಿ ಕಾಗದದಲ್ಲಿ ಸುತ್ತುತ್ತ ಕೆಮ್ಮಿದಳು. ಕೆಮ್ಮು ನಿಲ್ಲುವವರೆಗೂ ಗಲ್ಲಾ ಹಿಡಿದುಕೊಂಡಳು. ಆಮೇಲೆ ದನಿ ತಗ್ಗಿಸಿದಳು.

“ನೀನು ಆಸ್ಪತ್ರೆಯಲ್ಲೇ ಇರೋಳಲ್ವಾ, ಒಂದು ಮಾತು ಕೇಳ್ತೀನಿ. ಎದೆಯಲ್ಲಿ ಒಂದು ಗಂಟಿದೆ ಕಣೇ. ಆಕ್ರೋಡಿನಷ್ಟು. ಅಲ್ಲೇ ಹುಟ್ಟಿದ್ದಾದ್ರೆ ಕೊಯ್ದು ತೆಗೀತಾರಂತೆ, ಬದುಕ್ತೀನಂತೆ. ಬೇರೆ ಕಡೆಯಿಂದ ಬಂದಿದ್ದಾದ್ರೆ ಕೊಯ್ಯೋದೇ ಇಲ್ವಂತೆ. ಔಷಧಿ ಕೊಟ್ಕೊಂಡು ಹೋಗ್ತಾರಂತೆ, ಆದಷ್ಟು ದಿನ. ಮೊದಲ ಸಲ ಚೂರು ನೋಡಿದಾಗಲೇ ಹೊಟ್ಟೆಯದ್ದರ ಥರ ಇದೆ ಅಂತ, ಗಂಟಲಲ್ಲಿ ಪೈಪು ಇಳಿಸಿ ಹೊಟ್ಟೆ ನೋಡಿದ್ರು. ಏನೂ ಇಲ್ಲ. ಹೊಟ್ಟೆ ಪೂರಾ ಸ್ಕ್ಯಾನ್ ಮಾಡಿದ್ರು. ಅದರಲ್ಲೂ ಏನೂ ಇಲ್ಲ. ಆದ್ರೂ ಅಲ್ಲಿಂದಾನೇ ಬಂದಿರಬೇಕು ಅಂತಾರೆ. ಎಂಥ ನ್ಯಾಯಾನೇ ಇದು?”

ಹೆಲ್ವಿ ರೊಟ್ಟಿಗೆ ಕೈ ಚಾಚಿದಳು. ಕೆಲಸಕ್ಕೆ ಸೇರಿದ ದಿನವೇ ಸಹಿ ಹಾಕಿದ್ದಳು: ಗಾಜಿನ ಮೇಲೆ ಕಂಡದ್ದು ಗಾಜಿನ ಮೇಲೇ ಉಳಿಯಬೇಕು.

“ನಾನು ಬರೀ ಗಾಜು ಒರೆಸೋಳು, ಕೆರ್ತು.”

“ಗೊತ್ತು, ಗೊತ್ತು. ನೀವು ಬಾಯಿ ಬಿಡೋ ಹಾಗಿಲ್ಲ.” ಕೆರ್ತು ಬಗ್ಗಿ ಕೆಳಗಿನಿಂದ ಒಂದು ಗಾಜಿನ ಡಬ್ಬಿ ತೆಗೆದಳು. ಒಳಗೆ ಬೂದು ಬಣ್ಣದ ಹಿಟ್ಟು ಗುಳ್ಳೆಯೇಳುತ್ತಿತ್ತು. “ಇದು ನಮ್ಮಜ್ಜಿ ಕಾಲದ ಹೆಪ್ಪು, ರೊಟ್ಟಿ ಹಿಟ್ಟು ಹುಳಿ ಬರಿಸೋಕೆ. ವಾರಕ್ಕೊಂದು ಸಲ ಒಂದು ಹಿಡಿ ಹಿಟ್ಟು ಹಾಕು, ಸಾಯಲ್ಲ. ಇಟ್ಕೋ.”

“ನನಗ್ಯಾಕೆ?”

“ಯಾರ ಹತ್ರನಾದ್ರೂ ಇರಲಿ ಅಂತ.”

ಹೆಲ್ವಿ ಡಬ್ಬಿಯನ್ನು ಕೋಟಿನೊಳಗೆ ಹಿಡಿದು ಮಂಜಿನ ಮೇಲೆ ನಡೆದಳು. ಆಸ್ಪತ್ರೆಯ ಗೇಟಿನವರೆಗೂ ಅತ್ತಳು. ಅತ್ತದ್ದಕ್ಕೆ ತನ್ನನ್ನೇ ಬೈದುಕೊಂಡು, ಮುಖ ಒರೆಸಿಕೊಂಡು ಒಳಗೆ ಹೋದಳು.

ಕಾಫಿ ಕೋಣೆಯಲ್ಲಿ ಸೈಮಾ ಕೊಸೊನೆನ್ ಕೂತಿದ್ದಳು, ಒದ್ದೆ ಕೂದಲಲ್ಲಿ. ಸರೋವರದ ಹಿಮ ಕೊರೆದ ಕಿಂಡಿಯಲ್ಲಿ ಮುಳುಗು ಹಾಕದೆ ಕೆಲಸಕ್ಕೆ ಬಂದವಳಲ್ಲ ಅವಳು. ಅರವತ್ತೊಂಬತ್ತು ವರ್ಷ, ನಿವೃತ್ತಿಯಾಗಿದ್ದರೂ ಡಾಕ್ಟರುಗಳ ಅಭಾವವೆಂದು ಬುಧವಾರ, ಗುರುವಾರ ಕರೆಸಿಕೊಳ್ಳುತ್ತಿದ್ದರು. ಬೇರೆಯವರು ಕೈಬಿಟ್ಟ ಗಾಜುಗಳೆಲ್ಲ ಅವಳ ಮೇಜಿಗೆ. ಇಲ್ಲಿನ ಸಾವೊ ಸೀಮೆಯವರು ನೆಟ್ಟಗೆ ಉತ್ತರ ಕೊಡುವುದಿಲ್ಲ ಎಂದು ದೇಶವೆಲ್ಲ ಆಡಿಕೊಳ್ಳುತ್ತದಲ್ಲ, ಆ ಮಾತಿಗೆ ಸೈಮಾಳನ್ನು ಕಂಡರೆ ಬೇರೆ ಸಾಕ್ಷಿ ಬೇಕಿರಲಿಲ್ಲ.

“ನಲವತ್ತೇಳು ನೋಡಿದ್ಯಾ?” ಹೆಲ್ವಿ ಬಾಗಿಲಲ್ಲೇ ಕೇಳಿದಳು.

“ನೋಡಿರಬಹುದು.”

“ನಾನು ಚೂರು ಬದಲಾಯಿಸಿದ್ದೀನಾ?”

“ಬದಲಾಯಿಸಿರಬಹುದು. ಇಲ್ಲದೆಯೂ ಇರಬಹುದು. ಕೂತ್ಕೋ. ಆ ಡಬ್ಬಿಯಲ್ಲೇನು?”

“ಹೆಪ್ಪು. ಬಿಡು ಅದನ್ನ. ನನ್ನನ್ನ ವಿಚಾರಣೆ ಮಾಡು, ಸೈಮಾ. ಕಳ್ಳಿ ಅಂತಲೇ ಮಾಡು.”

ಸೈಮಾ ನಕ್ಕಳು. ಸಿಹಿಬನ್ನನ್ನು ಎರಡು ಮಾಡಿ ಒಂದನ್ನು ಇವಳತ್ತ ತಳ್ಳಿದಳು.

“ಸೂಜಿ ಕೋಣೆಯಿಂದ ಎಷ್ಟು ಎಳೆ ಬಂತು?”

“ಎರಡು.”

“ಎರಡನ್ನೂ ಒಂದೇ ಅಚ್ಚಿಗೆ ಹಾಕಿದ್ಯಾ?”

“ಇಲ್ಲ. ಯಾವತ್ತೂ ಹಾಕಲ್ಲ. ಒಂದು ಎಳೆ ‘ಎ’ ಅಚ್ಚಿಗೆ, ಒಂದು ‘ಬಿ’ಗೆ. ಒಂದು ಮುಗಿದ್ರೆ ಇನ್ನೊಂದು ಇರುತ್ತೆ ಅಂತ.”

“ಮೊದಲನೇ ದಿನ, ಬರೀ ಕೆಂಪು-ನೀಲಿ ಬಣ್ಣಕ್ಕೆ, ಎರಡನ್ನೂ ಕೊಯ್ದೆ?”

“ಕೊಯ್ದೆ. ಯುಹೊ ನೋಡಿದ.”

“ಆಮೇಲೆ ಟಿಟಿಎಫ್‌ಗೆ?”

“ಬಿ.”

“ಜೀನ್ ಪರೀಕ್ಷೆಗೆ?”

“ಅದೂ ಬಿ. ಪೂರ್ತಿ ಗಡ್ಡೆನೇ ತುಂಬಿತ್ತು ಅದರಲ್ಲಿ. ಜೀನ್ ಲ್ಯಾಬಿನವರು ಯಾವಾಗಲೂ ಬಡ್ಕೋತಾರಲ್ಲ, ಗಡ್ಡೆ ಜಾಸ್ತಿ ಇರೋ ಅಚ್ಚನ್ನೇ ಕಳಿಸಿ ಅಂತ. ಎಲ್ಲದಕ್ಕೂ ಒಳ್ಳೆಯದನ್ನೇ ಆರಿಸಿದೆ.”

“ಮತ್ತೆ ಎ?”

“ಅದರಲ್ಲಿ ಬರೀ ಒಳ್ಳೆ ಶ್ವಾಸಕೋಶ, ತುದಿಯಲ್ಲಿ ಚಿಟಿಕೆಯಷ್ಟು ಗಡ್ಡೆ. ಅದಕ್ಕೆ ಬಣ್ಣ ಹಾಕೋದು ದಂಡ ಅಂತ ಡ್ರಾಯರಿಗೆ —”

ಹೆಲ್ವಿ ಮಾತು ನಿಲ್ಲಿಸಿದಳು. ಸೈಮಾ ಕಪ್ಪು ಕೆಳಗಿಟ್ಟಿದ್ದಳು.

“ಬಿ ಅಚ್ಚಿನಲ್ಲಿ ಒಳ್ಳೆ ಶ್ವಾಸಕೋಶ ಒಂದು ಚೂರಾದ್ರೂ ಇದೆಯಾ?”

“ಇಲ್ಲ. ಅಂಚಿಂದ ಅಂಚಿಗೂ ಗಡ್ಡೆ.”

“ಅಂದ್ರೆ ಊರಿನವರು ಒಬ್ಬರೂ ಇಲ್ಲದ ಕಡೆ ನಿಂತು, ಇವನು ಯಾವ ಊರಿನವನು ಅಂತ ಇವನನ್ನೇ ಕೇಳ್ತಾ ಇದ್ದೀವಿ ನಾವು. ಇದ್ದೊಬ್ಬ ಸಾಕ್ಷಿಯನ್ನ ಯಾರೋ ಡ್ರಾಯರಿಗೆ ಹಾಕಿ ಬೀಗ ಜಡಿದಿದ್ದಾರೆ.”

“ನಾನು,” ಎಂದಳು ಹೆಲ್ವಿ.

“ನೀನು, ಯುಹೊ, ಜೀನ್ ಲ್ಯಾಬು, ನಾನಿದ್ದಿದ್ರೆ ನಾನೂ. ಯಾವಾಗಲೂ ಒಳ್ಳೇದನ್ನೇ ಆರಿಸೋರು ಮಾಡೋ ತಪ್ಪು ಇದು. ಅಳಬೇಡ, ಬನ್ನು ತಿನ್ನು. ಎ ಅಚ್ಚಿನಲ್ಲಿ ಇನ್ನೂ ಏನಾದ್ರೂ ಉಳಿದಿದೆಯಾ?”

“ಕಣ್ಣಿಗೆ ಕಾಣದಷ್ಟು. ನಾಲ್ಕು ಪದರ ಸಿಗಬಹುದು.” ಹೆಲ್ವಿ ಮೂಗೊರೆಸಿಕೊಂಡಳು. “ಇಲ್ಲದೆಯೂ ಇರಬಹುದು.”

“ಆಹಾ, ಈಗ ನಮ್ಮೋಳಾದೆ,” ಎಂದಳು ಸೈಮಾ.

ಗುರುವಾರ ಬೆಳಿಗ್ಗೆ ಏಳಕ್ಕೆ ಹೆಲ್ವಿ ಎ ಅಚ್ಚನ್ನು ಮಂಜುಗಡ್ಡೆಯ ಮೇಲೆ ತಣ್ಣಗಾಗಲು ಇಟ್ಟಳು. ಬೆರಳುಗುರಿನಷ್ಟು ಮೇಣ. ಅದರ ನಡುವೆ ಕೂದಲು ಬಿದ್ದಂತೆ ಒಂದು ಬಿಳಿ ಗೆರೆ. ತುದಿ ಎಲ್ಲಿ ಮುಗಿಯುತ್ತದೆಂದು ಬೆಳಕಿಗೆ ಹಿಡಿದು ಹುಡುಕಬೇಕಿತ್ತು. ಕೊಯ್ಯುವ ಯಂತ್ರದಲ್ಲಿ ಅಚ್ಚನ್ನು ಕೂರಿಸುವಾಗ ಒಂದಿಷ್ಟು ಓರೆಯಾದರೂ ಬ್ಲೇಡು ಆ ತುದಿಯನ್ನೇ ಮೊದಲು ಕೆರೆದು ಬಿಸಾಡುತ್ತದೆ. ಬೇಕಾದದ್ದು ಆ ತುದಿಯೇ.

ಯುಹೊ ಬಂದು ಹಿಂದೆ ನಿಂತ. “ನಾನೇನಾದ್ರೂ ಮಾಡಲಾ?”

“ಉಸಿರಾಡಬೇಡ.”

ಅವನು ನಿಜವಾಗಿಯೂ ಉಸಿರು ಬಿಗಿಹಿಡಿದ. ಹೆಲ್ವಿ ಚಕ್ರ ತಿರುಗಿಸಿದಳು. ಮೊದಲ ಪದರ ಬರೀ ಮೇಣ. ಎರಡನೆಯದೂ ಮೇಣ. ಮೂರನೆಯದು ಸುರುಳಿ ಸುತ್ತಿಕೊಂಡಿತು — ಒಳಗೆ ಏನಿತ್ತೋ, ಹೋಯಿತು. ಯುಹೊನ ಗಂಟಲಿನಿಂದ ಏನೋ ಸದ್ದು ಬಂತು.

“ಹೊರಗೆ ಹೋಗು,” ಎಂದಳು ಹೆಲ್ವಿ ತಿರುಗದೆ.

ಅಚ್ಚಿನ ಮೇಲೆ ಒಮ್ಮೆ ಬಾಯಿಂದ ಬಿಸಿ ಉಸಿರು ಬಿಟ್ಟಳು. ಹಳೆಯ ಕಾಲದ ವಿದ್ಯೆ ಅದು, ಯಾವ ಪುಸ್ತಕದಲ್ಲೂ ಇಲ್ಲ. ಚಕ್ರ ತಿರುಗಿತು. ನಾಲ್ಕನೆಯ ಪದರ ಬ್ಲೇಡಿನ ಮೇಲೆ ಚಪ್ಪಟೆಯಾಗಿ ಇಳಿಯಿತು. ಐದನೆಯದೂ ಅದರ ಬಾಲ ಹಿಡಿದು ಬಂತು. ಕುಂಚದ ತುದಿಯಿಂದ ಎರಡನ್ನೂ ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಕೆಳಗಿನಿಂದ ಗಾಜು ಹಿಡಿದು ಎತ್ತಿದಳು. ಆರನೆಯದಕ್ಕೆ ಅಚ್ಚಿನಲ್ಲಿ ಗೆರೆಯೇ ಇರಲಿಲ್ಲ.

ಗಾಜು ಒಣಗಲು ಒಂದು ಗಂಟೆ, ಬಣ್ಣದ ಯಂತ್ರದಲ್ಲಿ ಎರಡೂವರೆ. ಆ ಹೊತ್ತಿನಲ್ಲಿ ಹೆಲ್ವಿ ಮೂರು ಡ್ರಾಯರು ಒರೆಸಿದಳು, ಇಕ್ಕಳಗಳನ್ನೆಲ್ಲ ಎಣಿಸಿದಳು, ಯುಹೊಗೆ ಕಾಫಿ ಕೂಡ ತಂದುಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದ.

ಹನ್ನೆರಡಕ್ಕೆ ಸೈಮಾ ಗಾಜನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ನೋಡಿದಳು. ಬಹಳ ಹೊತ್ತು ನೋಡಿದಳು. ಬಾಯಲ್ಲಿ ಏನೋ ಎಣಿಸುತ್ತಿದ್ದಳು. ಆಮೇಲೆ ತನ್ನ ಕುರ್ಚಿ ಬಿಟ್ಟೆದ್ದಳು.

“ಕೂತ್ಕೋ. ಮೊದಲು ನೀನು ನೋಡು.”

ಹೆಲ್ವಿ ನೋಡಿದಳು. ಕೈ ಬಾಯಿಗೆ ಹೋಯಿತು.

ಎರಡು ಗಂಟೆ. ಮೀಟಿಂಗಿನ ಕೋಣೆಯಲ್ಲಿ ಪರದೆ ಇಳಿಬಿಟ್ಟಿತ್ತು. ಟೇಬಲ್ಲಿನ ತುದಿಯಲ್ಲಿ ಸರ್ಜನ್ ರಿಂಟಾಲ, ತೋಳು ಕಟ್ಟಿಕೊಂಡು. ಪಶ್ಚಿಮದ ಬಯಲುಸೀಮೆಯವನು, ಮಾತು ಕತ್ತಿಯಂತೆ ನೇರ. ಸಾವೊದವರ ಸುತ್ತುಬಳಸು ಮಾತು ಕೇಳಿ ಕೇಳಿ ತನ್ನ ಅರ್ಧ ಕೂದಲು ಉದುರಿತು ಎಂದು ಹೇಳಿಕೊಳ್ಳುತ್ತಿದ್ದ. ಹೆಲ್ವಿ ಬಾಗಿಲ ಬಳಿ ಗೋಡೆಗೆ ಒರಗಿದಳು. ಲ್ಯಾಬಿನವರು ಆ ಕೋಣೆಗೆ ಬರುವ ರೂಢಿಯಿರಲಿಲ್ಲ. ಸೈಮಾ ಕೈ ಹಿಡಿದು ಎಳೆದುಕೊಂಡು ಬಂದಿದ್ದಳು.

“ಸಾವಿರದ ನೂರ ನಲವತ್ತೇಳು,” ಎಂದ ರಿಂಟಾಲ. “ಕಾಗದದಲ್ಲಿ ‘ಬಹುಶಃ ಜಠರ’ ಅಂತಿದೆ. ಹೊಟ್ಟೆಯಿಂದ ಬಂದಿದ್ದಾದ್ರೆ ನನಗಿಲ್ಲಿ ಕೆಲಸ ಇಲ್ಲ. ಮುಂದಿನ ಕೇಸಿಗೆ ಹೋಗೋಣ್ವಾ?”

“ಹೋಗಬಹುದು,” ಎಂದಳು ಸೈಮಾ. “ಅದಕ್ಕೆ ಮೊದಲು ಒಂದು ಹಳೇ ಚಿತ್ರ ನೋಡಬಹುದು.”

ಪರದೆಯ ಮೇಲೆ ಒಂದು ಕೊಳವೆ ಮೂಡಿತು. ಕೊಳವೆಯ ಮುಂಭಾಗದಲ್ಲಿ ಒಂದು ಮೊಗ್ಗು. ಮೊಗ್ಗೆಲ್ಲ ಕಂದು, ಕೊಳವೆಯೆಲ್ಲ ನೀಲಿ. ನಡುವೆ ಗೆರೆ ಎಳೆದ ಹಾಗೆ.

“ಇಲಿಯ ಭ್ರೂಣ. ಮೂವತ್ತೆಂಟು ವರ್ಷದ ಹಿಂದೆ ಕೊಯ್ದಿಟ್ಟುಕೊಂಡದ್ದು, ಬಣ್ಣ ಹಾಕಿದ್ದು ಆಮೇಲೆ. ಈ ಕೊಳವೆ ಮುಂದೆ ಅನ್ನನಾಳ, ಜಠರ, ಕರುಳು ಎಲ್ಲ ಆಗುತ್ತೆ. ಈ ಮೊಗ್ಗು ಶ್ವಾಸಕೋಶ ಆಗುತ್ತೆ. ಇಬ್ಬರೂ ಒಂದೇ ತಾಯಿಯ ಮಕ್ಕಳು. ಹಾಗಾದ್ರೆ ಈ ಕೋಶಕ್ಕೆ ‘ನೀನು ಶ್ವಾಸಕೋಶ ಆಗು’ ಅಂತ ಹೇಳಿದೋರು ಯಾರು?”

“ಪಾಠ ಶುರುವಾಯ್ತು,” ಎಂದ ರಿಂಟಾಲ. ಆದರೆ ತೋಳು ಬಿಚ್ಚಿದ್ದ.

“ಟಿಟಿಎಫ್. ಕಂದು ಬಣ್ಣ ತೋರಿಸೋದು ಅದನ್ನೇ. ಬೇರೆ ಜೀನುಗಳಿಗೆ ಆಜ್ಞೆ ಕೊಡೋ ಯಜಮಾನ ಅದು. ಮಗು ಹುಟ್ಟಿದ ಮೇಲೂ ಅದರ ಕೆಲಸ ಮುಗಿಯಲ್ಲ. ನೀನು ಶ್ವಾಸಕೋಶ, ನೀನು ಶ್ವಾಸಕೋಶ ಅಂತ ದಿನಾ ಹೇಳ್ತಾನೇ ಇರಬೇಕು. ಹೇಳೋದು ನಿಲ್ಲಿಸಿದ್ರೆ?”

ಸೈಮಾ ಕೊಳವೆಯ ನೀಲಿ ಭಾಗಕ್ಕೆ ಬೆರಳು ತೋರಿಸಿದಳು.

“ಕೋಶಕ್ಕೆ ಜಠರದ ಯಜಮಾನರು ಹೇಳಿದ್ದು ಕೇಳಿಸೋಕೆ ಶುರುವಾಗುತ್ತೆ. ಅವರೂ ಆ ಕೊಳವೆಯ ಕಾಲದಿಂದ ಅಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದೋರು. ಕೋಶ ಎತ್ತರ ಆಗುತ್ತೆ, ಲೋಳೆ ತುಂಬ್ಕೊಳ್ಳುತ್ತೆ, ಜಠರದ ಅಂಗಿ ತೊಟ್ಟು ನಿಲ್ಲುತ್ತೆ. ನಾವು ಅಂಗಿ ನೋಡಿ, ಹೊಟ್ಟೆಯಿಂದ ಬಂದ ಕಳ್ಳ ಅಂತೀವಿ. ಹೊಟ್ಟೆಯಲ್ಲಿ ಹುಡುಕ್ತೀವಿ. ಸಿಗಲ್ಲ. ಸಿಗೋದಾದ್ರೂ ಹೇಗೆ?”

“ಕಥೆ ಚೆನ್ನಾಗಿದೆ. ಸಾಕ್ಷಿ?”

ಸೈಮಾ ಬೆರಳಾಡಿಸಿದಳು. ಹೊಸ ಗಾಜಿನ ಚಿತ್ರ ಬಂತು. ಎಡಗಡೆ ಒಳ್ಳೆ ಶ್ವಾಸಕೋಶ, ತೆಳ್ಳನೆಯ ಗೋಡೆಗಳ ಮೇಲೆ ಅಚ್ಚ ಕಂದು ಚುಕ್ಕೆಗಳು. ಬಲಗಡೆ ತುದಿಯಲ್ಲಿ ನೀಲಿ ಗಡ್ಡೆ.

“ಇದು ಎ ಅಚ್ಚು. ಇವತ್ತು ಬೆಳಿಗ್ಗೆ ಕೊಯ್ದದ್ದು. ಮೊದಲನೇದು: ಶ್ವಾ‌ಸಕೋಶವೂ ಗಡ್ಡೆಯೂ ಒಂದೇ ಎಳೆಯಲ್ಲಿ ಕೂಡಿಕೊಂಡಿವೆ. ಆದ್ದರಿಂದ ಚೂರು ಅದಲುಬದಲಾಗಿಲ್ಲ. ಹೆಲ್ವಿಯ ಕೈ ಶುದ್ಧ. ಅಲ್ವೇನೋ ಯುಹೊ?”

“ಹೌದು,” ಎಂದ ಯುಹೊ. ಕಿವಿ ಕೆಂಪಗಾಗಿತ್ತು. ಬಾಗಿಲ ಕಡೆ ತಿರುಗಿ ಹೇಳಿದ, “ತಪ್ಪಾಯ್ತು, ಹೆಲ್ವಿ. ಆ ನಾಲ್ಕನೇ ಚೂರು ಸೀಸೆಯಲ್ಲೇ ಪುಡಿಯಾಗಿ ಹೋಗಿರಬೇಕು.”

“ಅದಿರಲಿ,” ರಿಂಟಾಲ ಮುಂದೆ ಬಾಗಿದ. “ಹೊಟ್ಟೆಯಿಂದ ಬಂದ ಗಡ್ಡೆಯೂ ಒಳ್ಳೆ ಶ್ವಾಸಕೋಶದ ಪಕ್ಕದಲ್ಲೇ ಕೂರುತ್ತಲ್ಲ? ಪಕ್ಕ ಕೂತ ಮಾತ್ರಕ್ಕೆ ಮನೆಯವನಾಗ್ತಾನಾ?”

“ಆಗಲ್ಲ. ಒಳ್ಳೇ ಪ್ರಶ್ನೆ. ಹೊರಗಿನವನಾದ್ರೆ ಗಡಿ ಹೇಗಿರುತ್ತೆ? ಇತ್ತ ಕಂದು ಶ್ವಾಸಕೋಶ, ಅತ್ತ ನೀಲಿ ಗಡ್ಡೆ, ನಡುವೆ ಯಾರೂ ಇರಲ್ಲ. ಈಗ ಗಡಿ ನೋಡು.”

ಚಿತ್ರ ದೊಡ್ಡದಾಯಿತು. ಕೋಶಗಳ ಒಂದು ಸಾಲು. ಮೊದಲಿನವು ನೀಲಿ, ಲೋಳೆ ತುಂಬಿದವು. ಆಮೇಲೆ ಲೋಳೆ ಕಡಿಮೆಯಾಗುತ್ತ ಬಂತು. ಆಮೇಲೆ — ಮಾಸಲು ಕಂದು. ಆಮೇಲೆ ಕಂದು.

“ಈ ಗುಂಡುಗಳನ್ನ ನೋಡು. ಒಳ್ಳೆ ಕೋಶದ್ದಕ್ಕಿಂತ ಮೂರು ಪಟ್ಟು ದೊಡ್ಡವು, ಸೊಟ್ಟ, ಒರಟು. ಇವು ಒಳ್ಳೆಯವರಲ್ಲ, ಗಡ್ಡೆಯ ಕೋಶಗಳೇ. ಮುಖ ಕ್ಯಾನ್ಸರಿನದ್ದು, ಹುಟ್ಟಿದೂರಿನ ಗುರುತು ಮಾತ್ರ ಇನ್ನೂ ಅಳಿಸಿಲ್ಲ. ಎಣಿಸು.”

ರಿಂಟಾಲ ಎಣಿಸಿದ. “ಆರು.”

“ಆರು. ಯಜಮಾನ ಬಿಟ್ಟುಹೋಗೋ ಮೊದಲು ಇದ್ದ ಹಾಗೇ ಉಳಿದ ಆರು. ಬಿ ಅಚ್ಚಿನಲ್ಲಿ ಒಂದೂ ಇಲ್ಲ.”

“ಹಾಗಾದ್ರೆ ಅಪರಾಧಿ ಯಾರು ಅಂತೀರಿ? ಹೆಸರು ಹೇಳಿ.”

“ಮೊದಲ ಕಿಡಿ ಹಚ್ಚಿದ್ದು ಕೆರಾಸ್ ಅನ್ನೋ ಜೀನು, ಬಿ ಅಚ್ಚಿನಲ್ಲೇ ಸಿಕ್ಕಿದೆ. ಆದ್ರೆ ಅವನು ಪ್ಯಾಂಕ್ರಿಯಾಸಿನಲ್ಲೂ ಇದೇ ಪುಂಡಾಟ ಮಾಡೋನು. ಅವನಿಂದ ಊರು ಗೊತ್ತಾಗಲ್ಲ. ನಮ್ಮ ಕಣ್ಣಿಗೆ ಮಣ್ಣೆರಚಿದ್ದು ಟಿಟಿಎಫ್. ಏನೋ ಮಾಡಿ ಅಲ್ಲ, ಕೆಲಸ ಬಿಟ್ಟು ಹೋಗಿ. ಬಣ್ಣ ಕಾಣೆಯಾದದ್ದು ಅಪರಾಧದ ಗುರುತು ಅಂದ್ಕೊಂಡ್ವಿ. ಅದು ಕಾಣೆಯಾದದ್ದೇ ಅಪರಾಧ.”

ರಿಂಟಾಲ ಪರದೆಯನ್ನೇ ನೋಡುತ್ತಿದ್ದ.

“ಆರು ಕೋಶ ನಂಬಿ ನಾನು ಒಬ್ಬ ಹೆಂಗಸಿನ ಎದೆ ತೆರೀಬೇಕು,” ಎಂದ ನಿಧಾನವಾಗಿ.

“ಆರು ಕೋಶ. ಜೊತೆಗೆ ಏನೂ ಸಿಗದ ಹೊಟ್ಟೆ. ಏನೂ ಸಿಗದ ಸ್ಕ್ಯಾನು. ಒಂದೇ ಒಂದು ಗಂಟು.”

“ಸೈಮಾ, ನೀವು ಸಾವೊದವರು. ‘ಇರಬಹುದು, ಇಲ್ಲದೆಯೂ ಇರಬಹುದು’ ಅನ್ನೋದನ್ನ ಹನ್ನೊಂದು ವರ್ಷದಿಂದ ಕೇಳ್ತಿದ್ದೀನಿ. ಇವತ್ತು ನನಗದು ಬೇಡ. ಇದು ಶ್ವಾಸಕೋಶದಲ್ಲೇ ಹುಟ್ಟಿದ್ದಾ? ಹೌದು, ಇಲ್ಲ. ಎರಡರಲ್ಲಿ ಒಂದು.”

ಸೈಮಾ ಕನ್ನಡಕ ತೆಗೆದಳು. ಒರೆಸಿದಳು. ಮತ್ತೆ ಹಾಕಿಕೊಂಡಳು. ಮೂವತ್ತನಾಲ್ಕು ವರ್ಷದಲ್ಲಿ ಅವಳ ಬಾಯಿಂದ ಹೆಲ್ವಿ ಆ ಪದ ಕೇಳಿರಲಿಲ್ಲ.

“ಹೌದು,” ಎಂದಳು ಸೈಮಾ.

ರಿಂಟಾಲ ಪೆನ್ನು ತೆಗೆದ. “ಮುಂದಿನ ಬುಧವಾರ. ಮೊದಲ ಆಪರೇಷನ್.”

ಹೊರಗೆ ಕಾರಿಡಾರಿನಲ್ಲಿ ಸೈಮಾ ಗೋಡೆ ಹಿಡಿದು ನಿಂತಳು. “ಒಂದು ಕುರ್ಚಿ ತಾರೇ. ಆ ಪದ ಹೇಳಿ ಸುಸ್ತಾಗಿ ಹೋಯ್ತು.” ಹೆಲ್ವಿ ಕುರ್ಚಿ ತರಲಿಲ್ಲ. ಅವಳನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

ಮೇ ತಿಂಗಳ ಮೊದಲ ಶನಿವಾರ ಸರೋವರದ ಮಂಜುಗಡ್ಡೆ ಒಡೆದು ನೀರು ಕಂಡಿತು. ಮಾರುಕಟ್ಟೆಯವರು ಅಂಗಡಿಗಳನ್ನು ಹೊರಗಿನ ಚೌಕಕ್ಕೆ ತಂದಿದ್ದರು. ಹೆಲ್ವಿ ಸಾಲಿನಲ್ಲಿ ನಿಂತಿದ್ದಳು, ಚೀಲದಲ್ಲಿ ಗಾಜಿನ ಡಬ್ಬಿ. ಎರಡು ತಿಂಗಳಿಂದ ಒಂದು ವಾರವೂ ತಪ್ಪಿಸದೆ ಹಿಟ್ಟು ಹಾಕಿದ್ದಳು.

ಕೆರ್ತು ಸ್ಟೂಲಿನ ಮೇಲೆ ಕೂತು ವ್ಯಾಪಾರ ಮಾಡುತ್ತಿದ್ದಳು. ಮುಖದಲ್ಲಿ ಬಣ್ಣ ಬಂದಿತ್ತು.

“ಬಂದ್ಯಾ! ಕೇಳು, ನನ್ನ ಬಲಗಡೆ ಶ್ವಾಸಕೋಶದ ಒಂದು ಭಾಗ ಪೂರಾ ಕಿತ್ತು ತೆಗೆದ್ರು ಕಣೇ. ಗಂಟು ಅಲ್ಲಿಯದೇ ಅಂತೆ, ಎದೆಯಲ್ಲೇ ಹುಟ್ಟಿದ್ದಂತೆ. ತೆಗೆದ ಮೇಲೆ ಪೂರ್ತಿ ನೋಡಿದ್ರಂತೆ, ಬದಿಯಲ್ಲೆಲ್ಲ ಕಂದು ಕಂದು ಏನೋ ಸಿಕ್ತಂತೆ. ಅಂಚೆಲ್ಲ ಶುದ್ಧ. ಇನ್ನೇನೂ ಉಳಿದಿಲ್ಲ ಅಂದ್ರು. ಆರು ತಿಂಗಳಿಗೊಂದು ಸಲ ಫೋಟೋ ಅಷ್ಟೇ.”

“ದೇವರು ದೊಡ್ಡೋನು,” ಎಂದಳು ಹೆಲ್ವಿ. ಚೀಲದಿಂದ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. “ತಗೋ. ನಿನ್ನ ಹೆಪ್ಪನ್ನ ನೀನೇ ಸಾಕ್ಕೋ. ನನ್ನ ಫ್ರಿಜ್ಜೆಲ್ಲ ಹುಳಿ ನಾರ್ತಿದೆ.”

ಕೆರ್ತು ಮುಚ್ಚಳ ತೆಗೆದು ಮೂಸಿ ನೋಡಿದಳು. ಕಣ್ಣು ತುಂಬಿತು. ಮುಚ್ಚಳ ಹಾಕಿ, ಎರಡು ದೊಡ್ಡ ಕಲಕುಕ್ಕೊ ಸುತ್ತಿ ಹೆಲ್ವಿಯ ಚೀಲಕ್ಕೆ ತುರುಕಿದಳು.

“ಆ ಸರ್ಜನ್ ಹೇಳಿದ, ಇಬ್ಬರು ಹೆಂಗಸರು ಡ್ರಾಯರಿನಿಂದ ಏನೋ ಹುಡುಕಿ ತೆಗೆದ್ರಂತೆ. ಇಲ್ಲದಿದ್ರೆ ನನ್ನ ಕಥೆ ಮುಗೀತಿತ್ತಂತೆ. ಯಾರು ಅಂತ ಹೇಳಲಿಲ್ಲ.” ಅವಳು ಹೆಲ್ವಿಯನ್ನೇ ನೋಡಿದಳು. “ನಿನಗೆ ಗೊತ್ತಿರಬೇಕು, ಅಲ್ವಾ?”

“ಗೊತ್ತಿರಬಹುದು,” ಎಂದಳು ಹೆಲ್ವಿ. “ಇಲ್ಲದೆಯೂ ಇರಬಹುದು.”